ಒಂದು ತುಂಡು ಬಂಗುಡೆ

ಕಡಲ ಕಡೆಯವರ ಮನೆಯಲ್ಲಿ ಒಂದು ವಾರ ಮೀನಿನ ವಾಸನೆ ಬರದಿದ್ದರೆ ಸಾಕು, ಯಾರಿಗೆ ಜ್ವರ ಎಂದು ಅಕ್ಕಪಕ್ಕದವರು ವಿಚಾರಿಸುತ್ತಾರೆ. ಡೊಂಬಿವಲಿ ಪೂರ್ವದಲ್ಲಿ ಮೂರನೆಯ ಮಾಳಿಗೆಯ ಜಯಲತಾಳ ಮನೆಯಲ್ಲಿ ಒಂದು ವರ್ಷದಿಂದ ಮೀನು ಬೆಂದಿರಲಿಲ್ಲ. ಬೇಯಿಸಬಾರದೆಂದು ಯಾರೂ ಹೇಳಿರಲಿಲ್ಲ, ಬೇಯಿಸಿ ಎಂದೂ ಯಾರೂ ಕೇಳಿರಲಿಲ್ಲ. ಮೀನಿನ ಕಾವಲಿ ಹಳೆಯ ಪೇಪರು ಸುತ್ತಿಕೊಂಡು ಸಿಂಕಿನ ಕೆಳಗೆ ಬಿದ್ದಿತ್ತು. ಮಾರ್ಕೆಟ್ಟಿನ ಮೀನುಗಾರ್ತಿ ಚಂದ್ರಬಾಯಿ ಮೊದಮೊದಲು, ಅಕ್ಕಾ ಬೇರೆ ಯಾರನ್ನೋ ಹಿಡಿದಿದ್ದಾಳೆ ಎಂದು ಮುನಿಸಿಕೊಂಡಳು. ಆಮೇಲೆ ಜಯಲತಾ ಎದುರು ಹಾದುಹೋದರೂ ಕರೆಯುವುದನ್ನು ಬಿಟ್ಟಳು.

ಮನೆಯಲ್ಲಿದ್ದವರು ನಾಲ್ಕೇ ಜನ. ಜಯಲತಾ, ಮಗ ಮನೀಶ್, ಸೊಸೆ ಸೋನಾಲಿ, ಏಳನೆಯ ಕ್ಲಾಸಿನ ಮೊಮ್ಮಗಳು ಅನುಷ್ಕಾ. ಮೂಲದಲ್ಲಿ ಮುಲ್ಕಿ ಕಡೆಯ ಕ್ರೈಸ್ತರು. ಅಜ್ಜಂದಿರ ಕಾಲದಿಂದಲೂ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ ಕನ್ನಡ, ಅಡುಗೆಮನೆಯಲ್ಲಿ ತುಳು. ಸೋನಾಲಿ ಮಾತ್ರ ವಿಠ್ಠಲವಾಡಿಯ ಮರಾಠಿ ಹಿಂದೂ ಮನೆಯ ಹುಡುಗಿ. ಮನೀಶ್ ಮೆಚ್ಚಿ ರಿಜಿಸ್ಟರ್ ಮದುವೆ ಮಾಡಿಕೊಂಡು ಬಂದಾಗ ಜಯಲತಾ ಒಂದು ತಿಂಗಳು ಮಾತು ಬಿಟ್ಟಿದ್ದಳು. ಸೊಸೆ ತಂದ ಪುಟ್ಟ ಗಣಪತಿಯನ್ನು ಎಲ್ಲಿಡುವುದು ಎಂಬ ಜಗಳವನ್ನು ಗಂಡ ದೇವದಾಸರೇ ಬಗೆಹರಿಸಿದ್ದರು. ಅವಳ ದೇವರು ಅವಳ ಕಪಾಟಿನಲ್ಲಿರಲಿ, ನಮ್ಮವನು ಹೇಗೂ ಎಲ್ಲೆಲ್ಲೂ ಇದ್ದಾನಲ್ಲ, ಅವನಿಗೆ ಜಾಗದ ತೊಂದರೆ ಇಲ್ಲ ಎಂದು ನಗಾಡಿದ್ದರು. ಹಾಲ್‌ನಲ್ಲಿ ಅಗರಬತ್ತಿ ಹಚ್ಚಬಾರದು ಎಂಬುದೊಂದೇ ಅತ್ತೆಯ ಕಟ್ಟಳೆ. ಸೋನಾಲಿ ಅದನ್ನು ಹದಿನಾಲ್ಕು ವರ್ಷ ಪಾಲಿಸಿದಳು. ಒಂದು ದಿನ ಮಾತ್ರ ತಪ್ಪಿದಳು, ಆ ಕಥೆ ಮುಂದೆ ಬರುತ್ತದೆ.

ದೇವದಾಸರು ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅಲ್ಲಿನ ಕನ್ನಡ ಕ್ರೈಸ್ತರ ಸಭೆಯಲ್ಲಿ ಹಾಡು ಎತ್ತಿಕೊಡುವವರು ಅವರೇ. ಕೊನೆಗೊಮ್ಮೆ ಎದೆ ಕೈಕೊಟ್ಟು, ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದರು. ಅದು ಲೆಂಟಿನ ಕಾಲ. ಯೇಸುವಿನ ಶ್ರಮೆಯನ್ನು ನೆನೆಯುವ ಆ ದಿನಗಳಲ್ಲಿ ಈಸ್ಟರ್ ಬರುವವರೆಗೂ ಮೀನು ಮಾಂಸ ಮುಟ್ಟಬಾರದು ಎಂಬುದು ಜಯಲತಾಳ ತವರಿನ ಪದ್ಧತಿ. ಪದ್ಧತಿ ಅವಳದು, ಪಥ್ಯ ಮನೆಮಂದಿಗೆಲ್ಲ. ಶ್ರಮೆಯ ವಾರದ ಬುಧವಾರ ಸಾಯಂಕಾಲ ಅವಳು ಪ್ರಾರ್ಥನೆಗೆ ಹೊರಟು ನಿಂತಾಗ ದೇವದಾಸರು ಮಂಚದಿಂದ ಕರೆದರು.

"ಲತಾ, ಬಾಯಿ ಚಪ್ಪೆ ಚಪ್ಪೆ ಆಗಿದೆ. ಒಂದು ತುಂಡು ಬಂಗುಡೆ ಸುಟ್ಟು ಕೊಡ್ತಿಯಾ?"

"ಈಸ್ಟರಿಗೆ ನಾಲ್ಕು ದಿನ ಉಂಟು. ಅಷ್ಟರಲ್ಲಿ ಮುಳುಗಿ ಹೋಗುವುದು ಎಂತ?" ಎಂದು ಜಯಲತಾ ಚಪ್ಪಲಿ ಮೆಟ್ಟಿದಳು.

ಪ್ರಾರ್ಥನೆ ಮುಗಿಸಿ ಬಂದಾಗ ಮನೆ ತುಂಬ ಅಗರಬತ್ತಿಯ ಹೊಗೆ. ಕಾಯಿಲೆಯವರು ಮಲಗಿದ ಮನೆಯಲ್ಲಿ ಇದೇನು, ಅದೂ ಈ ವಾರದಲ್ಲಿ ಎಂದು ಸೊಸೆಯ ಮೇಲೆ ರೇಗಾಡಿದಳು. ಸೋನಾಲಿ ತಲೆ ತಗ್ಗಿಸಿ ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ದೇವದಾಸರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಶನಿವಾರ ಬೆಳಿಗ್ಗೆ ಅವರು ತೀರಿಕೊಂಡರು. ಭಾನುವಾರ ಸಭೆಯವರೆಲ್ಲ ಹೊಸ ಬಟ್ಟೆ ಉಟ್ಟು ಈಸ್ಟರ್ ಆರಾಧನೆ ಮುಗಿಸಿ, ಅದೇ ಬಟ್ಟೆಯಲ್ಲಿ ಅವರನ್ನು ಮಣ್ಣು ಮಾಡಲು ಬಂದರು. ಆ ವರ್ಷ ಜಯಲತಾಳ ಮನೆಗೆ ಈಸ್ಟರ್ ಬರಲೇ ಇಲ್ಲ. ಯಾವ ದೇವರಿಗೋಸ್ಕರ ಮನೆಮಂದಿಯ ಬಾಯಿ ಕಟ್ಟಿದೆನೋ ಅವನೇ ನನ್ನ ಕೈ ಬಿಟ್ಟ ಎಂದು ಅವಳು ದೇವಾಲಯದ ಕಡೆ ತಲೆ ಹಾಕುವುದನ್ನೇ ನಿಲ್ಲಿಸಿದಳು. ಮೀನಿನ ಹೆಸರು ಎತ್ತಿದರೆ ಆ ಬುಧವಾರದ ಧ್ವನಿ ಕಿವಿಯಲ್ಲಿ ಬರುತ್ತಿತ್ತು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ವಿಚಿತ್ರವೆಂದರೆ, ಮೀನಿಲ್ಲದ ಅಡುಗೆಗೆ ಸೋನಾಲಿಯೂ ಒಂದು ಮಾತು ಆಡಲಿಲ್ಲ. ಮೀನಿಗಾಗಿ ಜೀವ ಬಿಡುವ ಜಾತಿ ಅವಳದು, ತವರಿಗೆ ಹೋದರೂ ಮೀನು ಮುಟ್ಟುತ್ತಿರಲಿಲ್ಲವೆಂದು ಅವಳ ತಾಯಿ ಫೋನಿನಲ್ಲಿ ಗೊಣಗುತ್ತಿದ್ದಳು. ಅತ್ತೆಯ ದುಃಖಕ್ಕೆ ಮರ್ಯಾದೆ ಕೊಡುತ್ತಿದ್ದಾಳೆ ಎಂದುಕೊಂಡು ಜಯಲತಾ ಸುಮ್ಮನಿದ್ದಳು. ಮನೀಶ್ ಮಾತ್ರ ವಾಶಿಯ ಆಫೀಸಿನ ಪಕ್ಕದ ಹೋಟೆಲಿನಲ್ಲಿ ವಾರಕ್ಕೆರಡು ಸಲ ಫಿಶ್ ಥಾಲಿ ಹೊಡೆದು, ಬಡೇಸೋಪು ಜಗಿಯುತ್ತ ಮನೆಗೆ ಬರುತ್ತಿದ್ದ. ಅಂಗಿಯ ತೋಳು ಮೂಸಿದರೆ ಗುಟ್ಟು ಬಯಲಾಗುತ್ತಿತ್ತು, ಆದರೆ ಮೂಸುವ ಮನಸ್ಸು ಯಾರಿಗಿತ್ತು.

ಹೀಗೆ ವರ್ಷ ತಿರುಗಿ, ಎರಡು ಸಾವಿರದ ಹನ್ನೊಂದರ ಲೆಂಟ್ ಬಂತು. ಲೆಂಟ್ ಬಂದರೆ ಕನ್ನಡ ಸಭೆಯವರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಳ್ಳುತ್ತಾರೆ. ಸಭೆಯ ಹಿರಿಯರಾದ ಗದಗಿನ ಬಾಲಪ್ಪನವರು ಮೂರು ಮಾಳಿಗೆ ಹತ್ತಿ, ಏದುಸಿರು ಬಿಡುತ್ತ ಬಂದು ಕೂತರು. ನೀರು ಕುಡಿದು, ಅದು ಇದು ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

"ಅಕ್ಕಾರ, ವರ್ಷಾ ವರ್ಷಾ ನಿಮ್ಮ ಮನ್ಯಾಗ ಒಂದು ಕೂಟ ಆಗತಿತ್ತು. ದೇವದಾಸಣ್ಣ ಇಲ್ಲಂತ ದೇವರೂ ಬ್ಯಾಡ ಅಂದ್ರ ಹ್ಯಾಂಗ್ರಿ?"

"ದೇವರಿಗೆ ನಮ್ಮ ಮನೆಯ ದಾರಿ ಗೊತ್ತುಂಟು ಬಾಲಪ್ಪನವರೇ," ಎಂದಳು ಜಯಲತಾ. "ಬೇಕಾದಾಗ ಬಂದು, ಬೇಕಾದ್ದನ್ನು ತೆಕ್ಕೊಂಡು ಹೋಗಿದ್ದಾನಲ್ಲ. ಕರೆಯುವ ಅಗತ್ಯ ಇಲ್ಲ."

ಬಾಲಪ್ಪನವರು ಸಿಟ್ಟಾಗಲಿಲ್ಲ. ಟೀಪಾಯಿಯ ಮೇಲಿದ್ದ ಚಕ್ಕುಲಿಯಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಆಯ್ತು, ನೀವು ಬರುವುದು ಬೇಡ, ಮೊಮ್ಮಗಳನ್ನಾದರೂ ಕಳಿಸಿ, ಈ ಸಲ ಈಸ್ಟರ್ ಬೆಳಗಿನ ಆರಾಧನೆಯಲ್ಲಿ ಸಂಡೇ ಸ್ಕೂಲಿನ ಮಕ್ಕಳೇ ವೇದಪಾಠ ಓದಬೇಕು, ಅನುಷ್ಕಾಳ ಹೆಸರು ಹಾಕಿದ್ದೇವೆ ಎಂದರು. ಜೇಬಿನಿಂದ ಒಂದು ಝೆರಾಕ್ಸ್ ಹಾಳೆ ತೆಗೆದು ಹುಡುಗಿಯ ಕೈಯಲ್ಲಿಟ್ಟು ಮೆಟ್ಟಿಲಿಳಿದರು. ಗದಗಿನವರು ಸೋತಂತೆ ತೋರಿಸಿಕೊಂಡೇ ಗೆಲ್ಲುತ್ತಾರೆ.

ಅನುಷ್ಕಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕನ್ನಡ ಕೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು, ಮಾತು ಹಿಂದಿಯಲ್ಲಿ ಬರುತ್ತಿತ್ತು, ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಅಪ್ಪನ ಹತ್ತಿರ ಹೋದಳು. ಡೊಂಬಿವಲಿಯಲ್ಲೇ ಹುಟ್ಟಿದ ಮನೀಶ್ ಎರಡು ಸಾಲು ಓದುವಷ್ಟರಲ್ಲಿ ಬೆವರಿದ. ಅಜ್ಜಿ ಹೇಳಿದ್ದನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಓದುತ್ತೇನೆ ಎಂದು ಹುಡುಗಿ ಉಪಾಯ ಹೂಡಿದಳು. ಜಯಲತಾಳಿಗೆ ಅಲ್ಲಿ ರೇಗಿತು. ದೇವರ ಮೇಲೆ ಎಷ್ಟು ಸಿಟ್ಟಿದ್ದರೂ ಕನ್ನಡವನ್ನು ಹಿಂದಿಯಲ್ಲಿ ಓದಿಸುವಷ್ಟು ಸಿಟ್ಟು ಅವಳಿಗಿರಲಿಲ್ಲ.

"ಓದುವುದಾದ್ರೆ ಕನ್ನಡದಲ್ಲೇ ಓದು. ಇಲ್ಲದಿದ್ರೆ ಸುಮ್ನೆ ಕೂತ್ಕೋ. ಬಾ ಇಲ್ಲಿ," ಎಂದಳು.

ಅಂದಿನಿಂದ ಸಾಯಂಕಾಲ ಆರರ ಪಾಠ ಶುರುವಾಯಿತು. ಜಯಲತಾ ಬಸಳೆಯ ದಂಟು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂರುವಳು, ಹುಡುಗಿ ಎದುರಿಗೆ. ಮೊದಲು ಅಕ್ಷರಮಾಲೆ, ಆಮೇಲೆ ಹಾಳೆಯ ಸಾಲು. ಒಂದು ಸಂಜೆಗೆ ಒಂದೇ ಸಾಲು, ಉಳಿದದ್ದರ ಮೇಲೆ ಸ್ಕೇಲು ಮುಚ್ಚಿಟ್ಟು ಕಲಿಸುತ್ತಿದ್ದಳು. ಯೇಸು ಸತ್ತ ಮೂರನೆಯ ದಿನ ಎದ್ದು ಬಂದು, ಬಾಗಿಲು ಹಾಕಿಕೊಂಡು ಹೆದರಿ ಕೂತ ಶಿಷ್ಯರ ನಡುವೆ ನಿಂತ ಭಾಗ ಅದು. ಜಯಲತಾ ಅದನ್ನು ಐವತ್ತು ಈಸ್ಟರುಗಳಲ್ಲಿ ಕೇಳಿದವಳು. ಕೇಳಿ ಕೇಳಿ ಸವೆದ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಅವಳಿಗೆ ಬೇಕಾದದ್ದು ಮೊಮ್ಮಗಳ ಉಚ್ಚಾರ, ದೇವರ ಸುದ್ದಿಯಲ್ಲ.

ಆದರೂ ಮನೆಯಲ್ಲಿ ಏನೋ ಸಡಿಲವಾಯಿತು. ಅಡುಗೆಮನೆಯಿಂದ ಸೋನಾಲಿ ಮಗಳ ಓದು ಕೇಳುತ್ತ ತಾನೂ ಮೆಲ್ಲಗೆ ತುಟಿಯಾಡಿಸುವಳು. ಒಂದು ದಿನ ಅನುಷ್ಕಾ ತಡವರಿಸಿದ ಶಬ್ದವನ್ನು ಒಳಗಿನಿಂದ ಸೋನಾಲಿಯೇ ಸರಿಯಾಗಿ ಹೇಳಿಬಿಟ್ಟಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮನೀಶ್ ಆ ರಾತ್ರಿ ಎರಡು ಚಪಾತಿ ಜಾಸ್ತಿ ತಿಂದ.

ಅಷ್ಟರಲ್ಲಿ ಏಪ್ರಿಲ್ ಮೂರು ಬಂತು. ದೇವದಾಸರು ಹೋಗಿ ತಾರೀಕಿನ ಲೆಕ್ಕದಲ್ಲಿ ಒಂದು ವರ್ಷ. ಈಸ್ಟರ್ ಎಂಬುದು ವರ್ಷವರ್ಷ ತಾರೀಕು ಬದಲಾಗುವ ಹಬ್ಬ, ಆ ಸಲ ತುಂಬ ತಡವಾಗಿತ್ತು. ಹಾಗಾಗಿ ಅವರ ಪುಣ್ಯತಿಥಿ ಲೆಂಟಿನ ನಡುವಿಗೇ ಬಿತ್ತು. ಹಿಂದಿನ ದಿನ ಭಾರತ ವಿಶ್ವಕಪ್ ಗೆದ್ದು ಡೊಂಬಿವಲಿ ತುಂಬ ಪಟಾಕಿ ಹಾರಿತ್ತು, ಬೆಳಿಗ್ಗೆ ರಸ್ತೆಯೆಲ್ಲ ಕೆಂಪು ಕಾಗದ. ಜಯಲತಾ ಒಬ್ಬಳೇ ಹೂವು ತೆಗೆದುಕೊಂಡು ಗೋರಿಯ ಹತ್ತಿರ ಹೋಗಿ ಕೂತು, ಮಧ್ಯಾಹ್ನಕ್ಕೆ ಮನೆಗೆ ಮರಳಿದಳು.

ಎರಡನೆಯ ಮಾಳಿಗೆಯಲ್ಲೇ ವಾಸನೆ ಮೂಗಿಗೆ ಬಡಿಯಿತು. ಇದು ನಮ್ಮ ಮನೆಯದ್ದಾಗಿರಲಾರದು ಎಂದುಕೊಂಡು ಹತ್ತಿದಳು. ಬಾಗಿಲು ತೆರೆದರೆ ದೇವದಾಸರ ಫೋಟೋದ ಎದುರು ಬಾಳೆಲೆ. ಎಲೆಯ ಮೇಲೆ ಅನ್ನ, ಸಾರು, ಸುಟ್ಟ ಎರಡು ಬಂಗುಡೆ, ಪಕ್ಕದಲ್ಲಿ ಒಂದು ಲೋಟ ನೀರು. ಸೋನಾಲಿ ಮಿಂದು, ಹೊಸ ಸೀರೆಯುಟ್ಟು ಕೈಮುಗಿದು ನಿಂತಿದ್ದಳು. ಅವಳ ತವರಿನಲ್ಲಿ ವರ್ಷ ತುಂಬಿದ ದಿನ ತೀರಿಹೋದವರಿಗೆ ಇಷ್ಟವಾದದ್ದನ್ನೇ ಬೇಯಿಸಿ ಎಡೆ ಇಡುವುದು, ಅಲ್ಲಿಗೆ ಸೂತಕದ ನೆರಳು ಕಳೆದು ಮನೆ ಮತ್ತೆ ಮೊದಲಿನಂತಾಗುವುದು. ಅತ್ತೆ ಒಂದು ವರ್ಷ ಮೀನು ಬಿಟ್ಟದ್ದು ಅದೇ ಲೆಕ್ಕದ್ದು, ಇವತ್ತು ಬಿಡುಗಡೆ ಎಂದು ಅವಳು ಎಣಿಸಿದ್ದಳು. ಲೆಂಟ್ ಇನ್ನೂ ಮುಗಿದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಆದರೆ ಅತ್ತೆಯೇ ದೇವಾಲಯ ಬಿಟ್ಟ ಮೇಲೆ ಲೆಂಟ್ ಯಾರದ್ದು.

ಲೆಂಟಿನಲ್ಲಿ ಮೀನು ಒಂದು ತಪ್ಪು, ಸತ್ತವರಿಗೆ ಎಡೆ ಇಡುವುದು ಇನ್ನೊಂದು ತಪ್ಪು. ಆದರೆ ಜಯಲತಾಳಿಗೆ ಕಣ್ಣು ಕತ್ತಲೆ ಬಂದದ್ದು ಅವೆರಡರಿಂದಲ್ಲ. ಅದೇ ಬಂಗುಡೆ, ಅದೇ ಸುಟ್ಟದ್ದು. ಆ ಬುಧವಾರ ಕೊಡದೆ ಹೋದದ್ದನ್ನು ಯಾರೋ ತಂದು ಎದುರಿಗೆ ಇಟ್ಟು ತನ್ನನ್ನು ಹಂಗಿಸಿದಂತಾಯಿತು.

"ಇದು ಯಾರ ಮನೆ ಅಂತ ತಿಳ್ಕೊಂಡಿದ್ದಿ?" ಎಂದಳು. "ಸತ್ತವರು ಎದ್ದು ಬಂದು ತಿಂತಾರಾ? ಬದುಕಿದ್ದಾಗ ಬೇಕಿತ್ತು ಇದೆಲ್ಲ."

"ಪಪ್ಪಾಗೆ ಇಷ್ಟ ಇತ್ತು ಆಯಿ. ಅದಕ್ಕೆ..." ಮಾವನನ್ನು ಪಪ್ಪಾ, ಅತ್ತೆಯನ್ನು ಆಯಿ ಎನ್ನುವ ಸೋನಾಲಿಯ ಕನ್ನಡ ಅಲ್ಲಿಗೆ ನಿಂತಿತು.

ಜಯಲತಾ ಎಲೆಯನ್ನು ನಾಲ್ಕೂ ಮೂಲೆ ಮಡಚಿ ಎತ್ತಿ, ಅಡುಗೆಮನೆಗೆ ಹೋಗಿ ಕಸದ ಡಬ್ಬಿಗೆ ಹಾಕಿದಳು. ಸೋನಾಲಿ ಅದನ್ನು ನೋಡಿದಳು. ಅಳಲಿಲ್ಲ, ಬಿಳಿಚಿಕೊಂಡಳು. ಅನ್ನ ಎಸೆಯಬಾರದಿತ್ತು ಅಮ್ಮ ಎಂದು ಮನೀಶ್ ನಡುವೆ ಬಾಯಿ ಹಾಕಿ, ಬಡೇಸೋಪಿನವನು ಬುದ್ಧಿ ಹೇಳಲು ಬಂದ ಎಂದು ತಾಯಿಯಿಂದ ಬೈಸಿಕೊಂಡ. ಅವನ ಗುಟ್ಟು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಜಗಳವೂ ಮಕ್ಕಳ ಪರೀಕ್ಷೆಗೆ ಕಾಯುತ್ತದೆ. ಅನುಷ್ಕಾಳ ಕೊನೆಯ ಪೇಪರು ಮುಗಿಯುವವರೆಗೆ ಸೋನಾಲಿ ಮೂರು ಹೊತ್ತೂ ಬೇಯಿಸಿ ಬಡಿಸಿದಳು. ಮುಗಿದ ಮರುದಿನ, ರಜೆ ಅಲ್ಲವೇ, ಸ್ವಲ್ಪ ದಿನ ಅಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು ಬ್ಯಾಗು ಹಿಡಿದು ಮಗಳೊಂದಿಗೆ ಹೊರಟಳು. ಬ್ಯಾಗಿನಲ್ಲಿ ಕಪಾಟಿನ ಗಣಪತಿಯೂ ಇತ್ತು. ಅದನ್ನು ಜಯಲತಾ ಕಂಡಳು, ಕಂಡರೂ ತಡೆಯಲಿಲ್ಲ.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಹೋಯಿತು, ಶ್ರಮೆಯ ವಾರ ಬಂತು. ಮನೆಯಲ್ಲಿ ತಾಯಿ ಮಗ ಇಬ್ಬರೇ. ಜಯಲತಾ ಗಂಜಿ ಬೇಯಿಸಿ ಮಾವಿನ ಉಪ್ಪಿನಕಾಯಿ ಇಡುವಳು, ಮನೀಶ್ ಟಿವಿ ನೋಡುತ್ತ ಉಣ್ಣುವನು. ಒಂದು ರಾತ್ರಿ ಅವನು ತಟ್ಟೆ ಸರಿಸಿ ನೇರವಾಗಿ ಹೇಳಿದ.

"ಅವಳು ವಾಪಸು ಬರುವುದು ಡೌಟು ಅಮ್ಮ. ಅನುಷ್ಕಾಳಿಗೆ ಅಲ್ಲೇ ಹತ್ತಿರ ಕಲ್ಯಾಣಿನಲ್ಲಿ ಶಾಲೆ ನೋಡ್ತಿದ್ದಾಳೆ. ನಾನು ನಿಮ್ಮಿಬ್ಬರ ನಡುವೆ ಎಂತ ಮಾಡ್ಲಿ, ನೀವೇ ಹೇಳಿ."

ಜಯಲತಾ ಅವನ ತಟ್ಟೆ ಎತ್ತಿಕೊಂಡಳು. ಆರು ಗಂಟೆಗೆ ಅಭ್ಯಾಸಬಲದಿಂದ ಸ್ಕೇಲು ತೆಗೆದಿಟ್ಟುಕೊಂಡು ಕೂತಿದ್ದು, ಎದುರಿಗೆ ಯಾರೂ ಇಲ್ಲದ್ದನ್ನು ನೋಡಿ ಎದ್ದು ಹೋಗಿದ್ದಳು ಆ ಸಂಜೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಕೂಡಿಕೊಳ್ಳದು ಎಂದು ತನ್ನ ತಾಯಿ ಹೇಳುತ್ತಿದ್ದದ್ದು ನೆನಪಾಯಿತು. ಗಂಡನಂತೂ ಹೋದರು, ಈಗ ಸೊಸೆ, ಮೊಮ್ಮಗಳು. ಮನೆ ಕೈಯಿಂದ ಜಾರುತ್ತಿದೆ ಎಂದು ಅವಳಿಗೆ ಹೆದರಿಕೆಯಾಯಿತು.

ಗುರುವಾರ ಸಂಜೆ ಫೋನು ಬಂತು. ಅನುಷ್ಕಾ.

"ಅಜ್ಜಿ, ಪೂರಾ ಹೋ ಗಯಾ. ಲಾಸ್ಟ್ ಲೈನ್ ತನಕ ನಾನು ಒಬ್ಬಳೇ ಓದಿದೆ. ಸುನಾವೂಂ?"

"ಓದು ನೋಡುವಾ," ಎಂದಳು ಜಯಲತಾ.

ಹುಡುಗಿ ಓದಿದಳು. ನಿಧಾನವಾಗಿ, ಕಾಗುಣಿತವನ್ನು ಕೈಹಿಡಿದು ನಡೆಸಿಕೊಂಡು. ಶಿಷ್ಯರು ಭೂತ ಬಂತೆಂದು ನಡುಗಿದ್ದು, ಅವನು ತನ್ನ ಕೈಕಾಲು ತೋರಿಸಿದ್ದು, ಸಂತೋಷದಲ್ಲಿ ಅವರಿಗೆ ನಂಬಲೂ ಆಗದೆ ಹೋದದ್ದು. ಅಜ್ಜಿ ಕಲಿಸಿದ್ದು ಅಲ್ಲಿಯವರೆಗೆ. ಅದರಾಚೆಯ ಸಾಲುಗಳನ್ನೂ ಹುಡುಗಿ ತಪ್ಪಿಲ್ಲದೆ ಓದಿ ಮುಗಿಸಿದಳು.

"ಅಜ್ಜಿ, ಒಂದು ಕೇಳಲಾ? ಅವರು ಮರ್‌ಕೇ ವಾಪಸ್ ಬಂದ್ರಲ್ಲ. ಬಂದು ತಿನ್ನಲಿಕ್ಕೆ ಕೇಳಿದ್ರು. ಇಷ್ಟು ದೊಡ್ಡವರು, ಖಾನಾ ಕೇಳಿದ್ರು?"

"ಕೇಳಿದ, ಮಗ."

"ಶಿಷ್ಯರು ಸುಟ್ಟ ಮೀನು ಕೊಟ್ರು. ಒಂದು ತುಂಡು. ಅವರು ಎಲ್ಲರ ಮುಂದೆ ತಿಂದ್ರು. ಮಸ್ತ್ ಹೈ ನಾ?"

ಮಸ್ತಾಗಿದೆ ಎಂದು ಹೇಳಿ ಜಯಲತಾ ಫೋನು ಇಟ್ಟಳು. ಇಟ್ಟು, ಅಲ್ಲೇ ನೆಲದ ಮೇಲೆ ಕೂತಳು. ಐವತ್ತು ಈಸ್ಟರಿನಲ್ಲಿ ಕೇಳಿದ್ದೆ, ಈ ಮೀನು ಎಲ್ಲಿತ್ತು ಇಷ್ಟು ದಿನ? ಆ ಬುಧವಾರ ನನ್ನ ಗಂಡ ಕೇಳಿದ್ದೂ ಇದನ್ನೇ, ಒಂದು ತುಂಡು ಸುಟ್ಟ ಮೀನು. ಶಿಷ್ಯರು ಕೊಟ್ಟರು, ನಾನು ಕೊಡಲಿಲ್ಲ. ಮಣ್ಣು ಮಾಡಿದ ದಿನವೂ ಅಳದಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದೇವರನ್ನು ಬೈದಳು, ಆಮೇಲೆ ಅವನ ಹತ್ತಿರವೇ ಹೇಳಿಕೊಂಡಳು. ವರ್ಷದ ಮೇಲೆ ಅವಳು ಮಾಡಿದ ಮೊದಲ ಪ್ರಾರ್ಥನೆ ಅದು, ಅರ್ಧ ಬೈಗುಳ.

ಶುಕ್ರವಾರವಿಡೀ ಅವಳ ತಲೆಯಲ್ಲಿ ಒಂದೇ ಯೋಚನೆ ಕೊರೆಯಿತು. ಕೇಳಿದವರಿಗೆ ನಾನು ಕೊಡಲಿಲ್ಲ, ಸರಿ, ಅದು ಇನ್ನು ತಿದ್ದಲಾಗದ್ದು. ಆದರೆ ತಡವಾಗಿಯಾದರೂ ಕೊಡಲು ಬಂದವಳೊಬ್ಬಳಿದ್ದಳಲ್ಲ, ಅವಳ ಎಲೆಯನ್ನು ಎತ್ತಿ ಕಸಕ್ಕೆ ಹಾಕಿದೆನಲ್ಲ. ಅದನ್ನು ತಿದ್ದಬಹುದು. ಶನಿವಾರ ಬೆಳಿಗ್ಗೆ ಮನೀಶನಿಗೂ ಹೇಳದೆ ಬದಲಾಪುರದ ಲೋಕಲ್ ರೈಲು ಹತ್ತಿ ವಿಠ್ಠಲವಾಡಿಯಲ್ಲಿ ಇಳಿದಳು. ಹದಿನೈದು ವರ್ಷದಲ್ಲಿ ಅವಳು ಬೀಗರ ಮನೆಗೆ ಹೋದದ್ದು ಎರಡೇ ಸಲ.

ಸೋನಾಲಿ ಹಿತ್ತಲಿನಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಅತ್ತೆಯನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು, ಬನ್ನಿ ಎನ್ನಲು ಮರೆತಳು. ಅವಳ ತಾಯಿ ಚಹಾ ಕೊಟ್ಟು, ಸೂಕ್ಷ್ಮ ತಿಳಿದು, ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದಳು. ಜಯಲತಾ ಹಪ್ಪಳದ ಚಾಪೆಯ ತುದಿಯಲ್ಲಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿಗೋ ಹೋಗಿತ್ತು.

"ಆ ಎಲೆ ನಾನು ಎಸೆಯಬಾರದಿತ್ತು," ಎಂದಳು. "ನಿನ್ನ ಮೇಲಿನ ಸಿಟ್ಟಲ್ಲ ಅದು ಮಾರಾಯ್ತಿ. ಹೋದ ವರ್ಷ ಆ ಬುಧವಾರ ಅವರು ಬಂಗುಡೆ ಕೇಳಿದ್ರು. ಈಸ್ಟರಾಗಲಿ ಅಂತ ನಾನು ಕೊಡ್ಲಿಲ್ಲ. ಆಸೆ ಇಟ್ಟುಕೊಂಡೇ ಹೋದ್ರು. ಅದು ನನ್ನನ್ನು ಒಳಗೇ ತಿಂತಾ ಉಂಟು ಸೋನಾಲಿ."

ಸೋನಾಲಿಯ ಕೈಯಲ್ಲಿದ್ದ ಹಪ್ಪಳ ಚಾಪೆಗೆ ಬಿತ್ತು. ಅವಳು ಅತ್ತೆಯ ಮುಖವನ್ನೇ ನೋಡಿದಳು.

"ಇಲ್ಲ ಆಯಿ. ಆಸೆ ಇಟ್ಟುಕೊಂಡು ಹೋಗಲಿಲ್ಲ. ನಾನು ಕೊಟ್ಟೆ."

"ಎಂತ ಕೊಟ್ಟಿ?"

"ನೀವು ಪ್ರಾರ್ಥನೆಗೆ ಹೋದ ಮೇಲೆ ನನ್ನನ್ನು ಕರೆದ್ರು. ಕೈ ಮುಗಿದು ಕೇಳಿದ್ರು. ನಾನು ಕೆಳಗೆ ಓಡಿ ಹೋಗಿ ತಂದೆ. ಎಣ್ಣೆ ಹಾಕದೆ ಕಾವಲಿ ಮೇಲೆ ಸುಟ್ಟೆ. ವಾಸನೆ ಹೋಗಲಿ ಅಂತ..."

"ಅಗರಬತ್ತಿ," ಎಂದಳು ಜಯಲತಾ.

ಸೋನಾಲಿ ಹೌದೆಂದು ತಲೆಯಾಡಿಸಿದಳು. ಇನ್ನು ಅವಳ ಮಾತು ನಿಲ್ಲಲಿಲ್ಲ, ಕನ್ನಡ ಸಾಲದ ಕಡೆ ಮರಾಠಿ ಬಂತು. ಆಯಿಗೆ ಹೇಳಬೇಡ ಎಂದು ಪಪ್ಪಾ ಆಣೆ ಹಾಕಿಸಿದ್ದರು. ಮೂರೇ ದಿನಕ್ಕೆ ಅವರು ಹೋದಾಗ ತನ್ನ ಎದೆ ಒಡೆಯಿತು. ನಿಮ್ಮ ದೇವರ ಉಪವಾಸವನ್ನು ಹೊರಗಿನಿಂದ ಬಂದ ತಾನು ಮುರಿದೆ, ಅದಕ್ಕೇ ದೇವರು ಅವರನ್ನು ಕರೆದುಕೊಂಡ, ತಾನೇ ತಿನ್ನಿಸಿ ಕೊಂದೆ. ಹಾಗಂತ ವರ್ಷವಿಡೀ ತಾನು ಮೀನು ಮುಟ್ಟಲಿಲ್ಲ. ವರ್ಷ ತುಂಬಿದ ದಿನ ಅವರೆದುರು ಬಂಗುಡೆ ಇಟ್ಟು ತಪ್ಪಾಯಿತು ಎಂದು ಕೇಳಿಕೊಳ್ಳೋಣ ಎಂದುಕೊಂಡೆ, ಅದೂ ಕಸದ ಡಬ್ಬಿಗೆ ಹೋಯಿತು. ದೇವರು ಒಪ್ಪಲಿಲ್ಲ ಎಂದುಕೊಂಡು ಮನೆ ಬಿಟ್ಟೆ.

ಒಂದೇ ಅಡುಗೆಮನೆ, ಒಂದೇ ಒಲೆ. ಕೊಡಲಿಲ್ಲವೆಂದು ಒಬ್ಬಳು, ಕೊಟ್ಟೆನೆಂದು ಇನ್ನೊಬ್ಬಳು. ವರ್ಷವಿಡೀ ಪಕ್ಕಪಕ್ಕ ನಿಂತು ತರಕಾರಿ ಹೆಚ್ಚಿದ್ದಾರೆ, ಒಬ್ಬರ ಬೆಂಕಿ ಒಬ್ಬರಿಗೆ ತಾಗಲಿಲ್ಲ. ಗಂಡ ಹಸಿದು ಹೋಗಲಿಲ್ಲ ಎಂಬುದು ನಿಧಾನವಾಗಿ ಜಯಲತಾಳೊಳಗೆ ಇಳಿಯಿತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತ ಕಲ್ಲನ್ನು ಯಾರೋ ಉರುಳಿಸಿದಂತಾಯಿತು.

ಸೋನಾಲಿಯ ಎರಡೂ ಕೈ ಹಿಡಿದುಕೊಂಡಳು. ಹಿಟ್ಟು ಅಂಟಿದ ಕೈ.

"ದೇವರು ಅಷ್ಟು ಸಣ್ಣವನಲ್ಲ. ನಿನ್ನ ಮಗಳೇ ಓದಿದಳಲ್ಲ, ಅವನೂ ಕೇಳಿ ತಿಂದವನೇ. ನನಗೆ ಈ ವಯಸ್ಸಿನ ತನಕ ತಿಳಿಯಲಿಲ್ಲ, ನೀನು ತಿಳಿಯದೆಯೇ ಮಾಡಿದ್ದಿ. ಕೇಳಿದವರಿಗೆ ಕೊಟ್ಟಿದ್ದಿ. ಅದು ಪಾಪ ಹೇಗಾಗ್ತದೆ?"

ಸೋನಾಲಿ ಅತ್ತೆಯ ಮಡಿಲಿಗೆ ತಲೆಯಿಟ್ಟು ಅತ್ತಳು. ಜಯಲತಾಳೂ ಅತ್ತಳು. ಹಪ್ಪಳಕ್ಕೆ ಕಾಗೆ ಬಂದದ್ದನ್ನು ಇಬ್ಬರೂ ಓಡಿಸಲಿಲ್ಲ. ಅಳು ಮುಗಿದ ಮೇಲೆ ಜಯಲತಾ ಮೂಗು ಒರೆಸಿಕೊಂಡು, ಅಡುಗೆಯವಳ ಧ್ವನಿಯಲ್ಲಿ ವಿಚಾರಣೆ ಶುರುಮಾಡಿದಳು. ಮಸಾಲೆ ಎಂತ ಹಾಕಿದ್ದಿ? ಅರಿಶಿನ, ಉಪ್ಪು, ಕೋಕಂ ನೀರು. ಎಷ್ಟು ತಿಂದರು? ಒಂದು ಪೂರ್ತಿ, ಇನ್ನೊಂದರಲ್ಲಿ ಅರ್ಧ. ತಿಂದು ಎಂತ ಹೇಳಿದರು?

ಸೋನಾಲಿ ಹಿಂಜರಿದಳು. "ರಾಗಾವೂ ನಕಾ ಆಯಿ. ಸಿಟ್ಟು ಮಾಡಬೇಡಿ."

"ಹೇಳು."

"ಲತಾಳ ಕೈಗಿಂತ ಚೆನ್ನಾಗಿದೆ ಅಂದ್ರು."

"ಬಾಯಿ ಚಪ್ಪೆಯಾದವರಿಗೆ ರುಚಿ ಎಂತ ಗೊತ್ತುಂಟು," ಎಂದಳು ಜಯಲತಾ. ಎಂದವಳಿಗೆ ತಡೆಯಲಾಗದೆ ನಗು ಬಂತು. ವರ್ಷದ ಮೇಲೆ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು.

ಅಂದು ಸಂಜೆಯ ಲೋಕಲ್‌ನಲ್ಲಿ ಮೂವರೂ ಡೊಂಬಿವಲಿಗೆ ಬಂದರು. ಬ್ಯಾಗಿನಲ್ಲಿ ಗಣಪತಿ ಇದ್ದ. ಅವನನ್ನು ಕಪಾಟಿನಲ್ಲಿ ಅವನ ಜಾಗದಲ್ಲಿಡಲು ಜಯಲತಾಳೇ ನೆನಪು ಮಾಡಿದಳು. ಮನೀಶ್ ಆಫೀಸಿನಿಂದ ಬಂದು ಬಾಗಿಲಲ್ಲಿ ಹೆಂಡತಿಯ ಚಪ್ಪಲಿ ಕಂಡು, ಒಳಗೆ ಬರುವ ಮೊದಲು ಒಂದು ಗಳಿಗೆ ಅಲ್ಲೇ ನಿಂತ.

ಮರುದಿನ ಕತ್ತಲಿರುವಾಗಲೇ ಎದ್ದರು. ಕನ್ನಡ ಸಭೆಯವರು ಆ ಬೆಳಗಿಗೆಂದು ಬಾಡಿಗೆಗೆ ಹಿಡಿದ ಶಾಲೆಯ ತಾರಸಿಯಲ್ಲಿ ಈಸ್ಟರ್ ಆರಾಧನೆ, ಕೈಕೈಯಲ್ಲಿ ಮೇಣದಬತ್ತಿ. ವರ್ಷದ ಮೇಲೆ ಬಂದ ಜಯಲತಾಳನ್ನು ಕಂಡು ಬಾಲಪ್ಪನವರು ತಮ್ಮ ಬತ್ತಿಯಿಂದ ಅವಳ ಬತ್ತಿ ಹಚ್ಚಿದರು. ಅವಳು ತನ್ನದರಿಂದ ಸೋನಾಲಿಯದನ್ನು ಹಚ್ಚಿದಳು. ಎಂಐಡಿಸಿಯ ಚಿಮಣಿಗಳ ಹಿಂದೆ ಆಕಾಶ ಬೆಳ್ಳಗಾಗುವ ಹೊತ್ತಿಗೆ ಅನುಷ್ಕಾ ಮುಂದೆ ಬಂದು ಓದಿದಳು. ಮೀನಿನ ಸಾಲು ಬಂದಾಗ ತಲೆಯೆತ್ತಿ ಅಜ್ಜಿಯನ್ನು ಹುಡುಕಿದಳು. ಆಮೇಲಿನ ಹಾಡನ್ನು ಎತ್ತಿಕೊಡುವವರಿಲ್ಲದೆ ಸಭೆ ಒಂದು ಕ್ಷಣ ತಡೆದಾಗ, ಹಿಂದಿನ ಸಾಲಿನಿಂದ ಜಯಲತಾಳ ಧ್ವನಿ ಎದ್ದಿತು. ಶ್ರುತಿ ಸ್ವಲ್ಪ ಮೇಲಾಯಿತು, ಎಲ್ಲರೂ ಅದಕ್ಕೇ ಹೊಂದಿಕೊಂಡು ಹಾಡಿದರು.

ಬರುವ ದಾರಿಯಲ್ಲಿ ಮಾರ್ಕೆಟ್ಟು. ಚಂದ್ರಬಾಯಿ ಅವಳನ್ನು ನೋಡಿ ಮುಖ ತಿರುಗಿಸಿದಳು. ಬಂಗುಡೆ ಹೇಗೆ ಎಂದು ಜಯಲತಾ ಕೇಳಿದ ಮೇಲೆ ಮುನಿಸು ಕಳೆದು, ಆರಿಸಿ ಆರಿಸಿ ಹಾಕಿದಳು, ಮೇಲೆ ಎರಡು ಜಾಸ್ತಿ.

ಮನೆಯಲ್ಲಿ ಸಿಂಕಿನ ಕೆಳಗಿನ ಕಾವಲಿಯ ಪೇಪರು ಬಿಚ್ಚಿ, ತೊಳೆದು, ಜಯಲತಾ ಅದನ್ನು ಸೊಸೆಯ ಕೈಗೆ ಕೊಟ್ಟಳು. ಆ ದಿನ ಹೇಗೆ ಸುಟ್ಟೆಯೋ ಹಾಗೆಯೇ ಸುಡು, ಒಂದು ಚಮಚ ಎಣ್ಣೆಯೂ ಬೇಡ ಎಂದಳು. ತಾನು ಹೋಗಿ ಉಳಿದವರ ಜೊತೆ ತಟ್ಟೆ ಹಾಕಿಕೊಂಡು ಕೂತಳು. ಸುಟ್ಟ ಮೀನಿನ ವಾಸನೆ ಹಾಲ್ ತುಂಬ ಹಬ್ಬಿತು, ಕಿಟಕಿ ತೆರೆಯಲು ಯಾರೂ ಏಳಲಿಲ್ಲ. ಮೊದಲ ಬಂಗುಡೆ ಅವಳ ತಟ್ಟೆಗೆ ಬಂತು. ಅವಳು ಮುಳ್ಳು ಬಿಡಿಸಿ, ಕಣ್ಣು ಮುಚ್ಚಿ, ಬಾಯಿಗಿಟ್ಟಳು. ಮೂವರೂ ಅವಳ ಮುಖವನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದೂ ಇಲ್ಲ ಎಂದೂ ಅವಳು ಹೇಳಲಿಲ್ಲ. ಮುಳ್ಳು ಮಾತ್ರ ಉಳಿಯುವಂತೆ ಪೂರ್ತಿ ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಒಲೆಯ ಕಡೆಗೆ ಚಾಚಿದಳು.

"ಸೋನಾಲಿ, ಇನ್ನೊಂದು ತುಂಡು ಕೊಡ್ತಿಯಾ?"

ಸೋನಾಲಿ ಕೊಟ್ಟಳು.